ಪ್ಯಾಂಟಿಗೆಲ್ಲಿಯ ಉಡಿ

ಎಪ್ಪತ್ತರ ದಶಕದ ಕೊನೆಯ ಒಂದು ಚಳಿಗಾಲ. ಇಳಕಲ್ಲಿನ ನಮ್ಮ ಕಾಲೇಜಿನ ಆಟದ ಮೇಡಂ ಹುಡುಗಿಯರನ್ನು ಮೂರು ದಿನದ ಚಾರಣಕ್ಕೆ ಕರೆದೊಯ್ಯುವುದಾಗಿ ಹೇಳಿದರು. ಬಾದಾಮಿಯಲ್ಲಿ ಗುಡ್ಡ ಹತ್ತಿ ಮಹಾಕೂಟ, ಅಲ್ಲಿಂದ ಶಿವಯೋಗ ಮಂದಿರ. ಬೆನ್ನಚೀಲದೊಳಗಿನ ಸಾಮಾನೆಲ್ಲ ಬೇರೆ ಬೇರೆ ಹಗುರ ಚೀಲಗಳಲ್ಲಿರಬೇಕು, ಒಟ್ಟು ತೂಕ ಎಂಟು ಕೆ.ಜಿ. ದಾಟಬಾರದು. ದಾಟಿದವರಿಗೆ ಬಾದಾಮಿಯಿಂದಲೇ ವಾಪಸ್ ಬಸ್ಸು.

ಒಂದು ತಿಂಗಳು ಅತ್ತು ಕರೆದು ಊಟ ಬಿಟ್ಟ ಮೇಲೆ ಅಪ್ಪ ಒಪ್ಪಿದ್ದ. ಒಪ್ಪಿದರೂ ಬಾಗಿಲಲ್ಲಿ ನಿಂತು ಹೇಳಿದ್ದ: “ಅರ್ಧಾ ದಾರಿಯಿಂದ ವಾಪಸ್ ಬಂದಿ ಅಂದ್ರ, ಇನ್ನ ಮ್ಯಾಲೆ ಎಲ್ಲಿಗೂ ಕೇಳಬ್ಯಾಡ ನೋಡವಾ.” ಹಾಗಾಗಿ ಆ ಎಂಟು ಕೆ.ಜಿ. ನನ್ನ ಪಾಲಿಗೆ ಜೀವ ಹೋಗುವ ವಿಷಯವಾಗಿತ್ತು.

ಹಗುರ ಚೀಲ ಎಲ್ಲಿಂದ ತರುವುದು? ಅಪ್ಪನ ತಾಯಿ, ನಮ್ಮ ಆಯಿ, ಸೊಂಟದಲ್ಲಿ ಸದಾ ಒಂದು ಚಂಚಿ ಸಿಕ್ಕಿಸಿಕೊಂಡಿರುತ್ತಿದ್ದಳು. ಎಲೆ, ಅಡಿಕೆ, ಸುಣ್ಣಕ್ಕೆ ಒಂದೊಂದು ಖಾನೆಯಿದ್ದ, ದಾರ ಜಗ್ಗಿದರೆ ಬಾಯಿ ಮುಚ್ಚುವ ಬಟ್ಟೆಯ ಚೀಲ ಅದು. “ಇದs ಅಲ್ಲೇನ ನಿಮ್ಮ ಮೇಡಂ ಕೇಳಿದ್ದು?” ಎಂದು ಹರಿದ ಇಳಕಲ್ ಸೀರೆಗಳ ಸೆರಗು ಕತ್ತರಿಸಿ ಎಂಟು ಚೀಲ ಹೊಲಿದಳು. ಕೆಂಪು ರೇಷ್ಮೆಯ ಎಂಟೂ ಚೀಲ ನನ್ನ ಒಂದು ಮುಷ್ಟಿಯಲ್ಲಿ ಹಿಡಿದವು. ಖುಷಿಗೆ ಆಯಿಯನ್ನು ಎತ್ತಿ ಗಿರಗಿರ ತಿರುಗಿಸಿದೆ, “ಏ ಇಳಸ ಹುಚ್ಚಿ, ಸೊಂಟ ಮುರೀತದ” ಎಂದು ಬೈಸಿಕೊಂಡೆ.

ಹೊರಡುವ ಹಿಂದಿನ ಸಂಜೆ ಎಲ್ಲ ತುಂಬಿ, ಓಣಿಯ ಅಂಗಡಿಯಲ್ಲಿ ತೂಗಿಸಿದೆ. ಏಳೂಮುಕ್ಕಾಲು! ಅಣ್ಣನ ಪ್ಯಾಂಟು ಹಾಕಿಕೊಂಡು ಮನೆತುಂಬ ಕವಾಯತು ಮಾಡಿದೆ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಊರು ಬಿಡುವಾಗ ಸೆರಗಿನ ಉಡಿಗೆ ಐದು ಬೊಗಸೆ ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ ತುಂಬಿ ಕಳಿಸುವುದು ಪದ್ಧತಿ. ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಪ್ಯಾಂಟಿಗೆ ಎಲ್ಲಿ ಉಡಿ ತುಂಬಲಿ? ಹಂಗs ಹೋಗಿ ಬಾ” ಎಂದಳು. ಆಯಿ ಎಂದಿನಂತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಜ್ಜ ತೀರಿಕೊಂಡಾಗಿನಿಂದ ಉಡಿ ತುಂಬುವ ಮಾತು ಬಂದಾಗೆಲ್ಲ ಅವಳ ಜಾಗ ಅದೇ.

ಬೆಳಿಗ್ಗೆ ಸ್ನಾನ ಮುಗಿಸಿ ಬೆನ್ನಚೀಲ ಏರಿಸಿದಾಗ ಭಾರ ಅನಿಸಿತು. ಹೆದರಿಕೆಯ ಭಾರ ಅಂದುಕೊಂಡೆ. ಹುನಗುಂದ ದಾಟುವವರೆಗೂ ಹಾಡು ಹೇಳಿ ಹೇಳಿ ಬಸ್ಸಿನವರ ಕಿವಿ ತೂತು ಮಾಡಿದೆವು.

ಬಾದಾಮಿಯಲ್ಲಿ ಒಂದು ಕಾಳಿನ ಅಂಗಡಿಯ ತಕ್ಕಡಿಗೆ ಒಬ್ಬೊಬ್ಬರ ಚೀಲ ಏರಿತು. ನನ್ನದು ಒಂಬತ್ತೂವರೆ! ಅಲ್ಲೇ ಕಟ್ಟೆಯ ಮೇಲೆ ಎಲ್ಲ ಬಿಚ್ಚಿದೆ. ಸಾಕ್ಸಿನ ಚೀಲದಲ್ಲಿ ಅಕ್ಕಿ. ಸಾಬೂನಿನ ಚೀಲದಲ್ಲಿ ಕೊಬ್ಬರಿ ಬಟ್ಟಲು. ಟಾರ್ಚಿನ ಜೊತೆ ಬೆಲ್ಲ, ಔಷಧದ ಜೊತೆ ಉತ್ತತ್ತಿ, ಅಡಿಕೆ. ಆಯೀ!

ಮೇಡಂ ಮೈಸೂರು ಕಡೆಯವರು. “ಏನಮ್ಮಾ, ಬೆಟ್ಟ ಹತ್ತೋಕೆ ಬಂದಿದ್ದೀಯೋ, ಮದುವೆಗೋ? ಇದನ್ನೆಲ್ಲ ಅಂಗಡಿಯವರಿಗೆ ಕೊಟ್ಟುಬಿಡು. ಇಲ್ಲಾಂದ್ರೆ ಬಸ್ಸು ಹತ್ತು” ಎಂದರು.

“ಉಡಿ ಅಕ್ಕಿ ರೀ ಮೇಡಂ. ಯಾರಿಗೂ ಕೊಡಾಕ ಬರೂದಿಲ್ರಿ.”

ಅಂಗಡಿಯವನೂ ಕೈ ಹಿಂದೆ ಕಟ್ಟಿಕೊಂಡ. “ಹೆಣ್ಣಮಗಳ ಉಡಿ ಅಕ್ಕಿ ನಾ ಹೆಂಗ ಇಟ್ಕೊಳ್ಳಲವಾ? ಬ್ಯಾಡವಾ ತಾಯಿ!”

ಅಪ್ಪನ ಮುಖ ಕಣ್ಣಮುಂದೆ ಬಂದು ಹೋಯಿತು. ಅಷ್ಟರಲ್ಲಿ ಹೊದೆಯಲು ತಂದಿದ್ದ ಅವ್ವನ ಹಳೆಯ ಸೀರೆ ಕಣ್ಣಿಗೆ ಬಿತ್ತು. ಕಣ್ಣೀರು ಬರುವ ಮೊದಲೇ ನನಗೆ ನಗು ಬಂತು. ಪ್ಯಾಂಟಿನ ಮೇಲೆ ಸೀರೆಯನ್ನು ಬಿಗಿಯಾಗಿ ಸುತ್ತಿ, ಸೆರಗಿನಲ್ಲಿ ಉಡಿ ಮಾಡಿ, ಅಕ್ಕಿ, ಬೆಲ್ಲ, ಕೊಬ್ಬರಿ ಎಲ್ಲ ಸುರಿದು ಸೊಂಟಕ್ಕೆ ಗಂಟು ಹಾಕಿದೆ.

“ಈಗ ತೂಗ್ರಿ ಮೇಡಂ. ಚೀಲ ತೂಗ್ತೀನಿ ಅಂದಿದ್ರಿ, ನನ್ನ ತೂಗ್ತೀನಿ ಅಂದಿಲ್ಲ.”

ಏಳೂಕಾಲು! ಮೇಡಂ ಗಂಟುಮೋರೆ ಹಾಕಲು ನೋಡಿದರು, ಆಗಲಿಲ್ಲ. ಅಂಗಡಿಯವನ ಮೂಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ಗುಡ್ಡವೆಲ್ಲ ನಗುವೇ. ಉಬ್ಬಿದ ಹೊಟ್ಟೆ ಹೊತ್ತು ನಾನು ಕಲ್ಲು ಏರುವುದು, ಗೆಳತಿಯರು ಇಬ್ಬದಿಗೆ ಕೈ ಹಿಡಿದು “ಸಾವಕಾಶ ಯವ್ವಾ, ಸಾವಕಾಶ” ಎನ್ನುವುದು. ಮಹಾಕೂಟದ ಹೊಂಡದ ಹತ್ತಿರ ಒಬ್ಬ ಮುದುಕಿ ನನ್ನನ್ನು ನೋಡಿ ಗಾಬರಿಯಾದಳು.

“ಎಷ್ಟ ತಿಂಗಳವಾ ನಿನಗ? ಇಂಥಾದ್ರಾಗ ಗುಡ್ಡಾ ಹತ್ತತಾರೇನ!”

“ತಿಂಗಳಲ್ರಿ ಯವ್ವಾ, ಐದು ಬೊಗಸಿ!” ಎಂದಳು ಗೆಳತಿ. ನಕ್ಕು ನಕ್ಕು ನನ್ನ ಗಂಟು ಸಡಿಲಾಗಿ ಉತ್ತತ್ತಿಗಳು ಮೆಟ್ಟಿಲ ಮೇಲೆ ಉರುಳಿದವು. ಆ ಮುದುಕಿಯೇ ಆರಿಸಿಕೊಟ್ಟಳು.

ಉಡಿ ಅಕ್ಕಿಯನ್ನು ಚೆಲ್ಲಬಾರದು, ಬೇಯಿಸಿ ಉಣ್ಣಬೇಕು. ಅಲ್ಲೇ ಮೂರು ಕಲ್ಲು ಹೂಡಿ, ಬೆಲ್ಲ ಕೊಬ್ಬರಿ ಹಾಕಿ ಹುಗ್ಗಿ ಮಾಡಿದೆವು. ಸಾಕ್ಸಿನ ಜೊತೆ ಬಂದ ಅಕ್ಕಿ ಎಂದು ಯಾರೂ ಮೇಡಂಗೆ ನೆನಪಿಸಲಿಲ್ಲ. ಎರಡು ಸಲ ಹಾಕಿಸಿಕೊಂಡರು.

ಮೂರು ದಿನ ಪೂರ್ತಿ ನಡೆದು, ಕಾಲ ಬೊಕ್ಕೆಗಳ ಸಮೇತ ಊರಿಗೆ ಬಂದೆ. ಅಪ್ಪ ಬಾಗಿಲಿಗೇ ಬಂದು ನನ್ನ ಬೆನ್ನಚೀಲ ಇಳಿಸಿಕೊಂಡ. ನಾನು ನೆಟ್ಟಗೆ ಅಡುಗೆಮನೆಗೆ ನುಗ್ಗಿದೆ.

“ಏನ ಆಯಿ, ಹೇಳದs ಕೇಳದs ತುಂಬಿಬಿಟ್ಟಿ? ವಾಪಸ್ ಕಳಸ್ತಿದ್ರು ನನ್ನ!”

ಆಯಿ ಒಲೆಯ ಕಡೆ ಮುಖ ಮಾಡಿದಳು. “ಪ್ಯಾಂಟಿಗೆ ಉಡಿ ಇಲ್ಲ ಅಂತ ನಿಮ್ಮವ್ವ ಬಿಟ್ಲು. ನನಗ ಬಿಡಾಕ ಆಗಲಿಲ್ಲವಾ. ನಿಮ್ಮಜ್ಜ ಹ್ವಾದ ಮ್ಯಾಲೆ ಈ ಕೈಲೆ ಯಾರ ಉಡೀನೂ ತುಂಬಿಲ್ಲ. ನಾ ಮುಂದ ಹ್ವಾದ್ರ ಎಲ್ಲಾರೂ ಬ್ಯಾಡ ಅಂತಾರ.” ಒಲೆಯ ಕಟ್ಟಿಗೆಯನ್ನು ಒಳಗೆ ತಳ್ಳಿ, “ಚೀಲ ಬ್ಯಾಡ ಅನ್ನಲಿಲ್ಲ” ಎಂದಳು.

ನಾನು ಹೊರಗೆ ಬಂದು, ಆ ಹಳೆಯ ಸೀರೆಯನ್ನೇ ಮತ್ತೆ ಸುತ್ತಿಕೊಂಡು, ಪಡಸಾಲೆಯ ನಡುವೆ ಮಣೆ ಹಾಕಿ ಕೂತೆ.

“ಆಯಿ, ಬಾ ಇಲ್ಲೆ. ಎಲ್ಲಾರ ಮುಂದ ತುಂಬು.”

ಅವ್ವ ಬಾಯಿ ತೆರೆದಳು. ಅಪ್ಪನ ಕಡೆ ನೋಡಿದಳು. ಆಮೇಲೆ ಒಳಗೆ ಹೋಗಿ ತಾನೇ ಅಕ್ಕಿಯ ಪರಾತ ತಂದು ಆಯಿಯ ಕೈಗೆ ಕೊಟ್ಟಳು. ಆಯಿ ಬೊಗಸೆ ತುಂಬಿ ಹಾಕುವಾಗ ಅರ್ಧ ಅಕ್ಕಿ ನೆಲದ ಮೇಲೆ ಬಿತ್ತು. ಮೂರನೆಯ ಬೊಗಸೆಗೆ ನಿಂತು, ಅಳುತ್ತಲೇ ಕೇಳಿದಳು:

“ತೂಕ ಹೆಚ್ಚಾತೇನವಾ?”

“ಇನ್ನೂ ಎರಡು ಬೊಗಸಿ ಬಾಕಿ ಅದಾವ, ಹಾಕು” ಎಂದು ಉಡಿಯನ್ನು ಇನ್ನಷ್ಟು ಅಗಲಿಸಿ ಹಿಡಿದೆ.