ಕಾಕು ಕಾದಿದ್ದ ಸೇಡು

ಕಬನೂರಿನಲ್ಲಿ ನಾನು ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಪಕ್ಕದ ಮನೆಯವರು ಹಿಂದಿಗೆ ಡಬ್ ಆದ ಕೊರಿಯನ್ ಸೀರಿಯಲ್ಲೊಂದನ್ನು ನೋಡುತ್ತಿದ್ದರು. ಓಣಿಯ ತುಂಬ ಇದ್ದ ಮಗ್ಗಗಳ ಸದ್ದಿಗೆ ಮಾತು ಕೇಳಿಸದೆ, ಮೊಬೈಲನ್ನು ಒಮ್ಮೆ ಕಣ್ಣೆದುರು, ಒಮ್ಮೆ ಕಿವಿಗೆ ಹಿಡಿಯುತ್ತಿದ್ದರು. ಕಥೆಯಲ್ಲಿ ಗಂಡ ಮೋಸ ಮಾಡಿದ್ದ, ಹೆಂಡತಿ ಸೇಡಿಗೆ ಕಾದಿದ್ದಳು.

"ತಡೀ ಯವ್ವಾ, ಅಕಿ ಬಿಡಂಗಿಲ್ಲ," ಎಂದು ದಿನವೂ ನನಗೆ ಹೇಳುತ್ತಿದ್ದರು. ಅವರ ಗಂಡ ಗಡಹಿಂಗ್ಲಜದಲ್ಲಿ ಬೇರೊಬ್ಬಳ ಜೊತೆ ಸಂಸಾರ ಹೂಡಿ ವರ್ಷಗಳಾಗಿದ್ದವು.

ಕೊನೆಯ ಕಂತಿನಲ್ಲಿ ಗಂಡ ಅತ್ತ, ಹೆಂಡತಿ ಕ್ಷಮಿಸಿಬಿಟ್ಟಳು. ಕಾಕು ಮೊಬೈಲನ್ನು ಬೋರಲು ಹಾಕಿದರು. "ಇಷ್ಟಕ್ಕ ಇಷ್ಟ ದಿನಾ ಕುಂತ ನೋಡಿದ್ನೇನ?" ಎಂದಾಗ ಅವರ ಕಣ್ಣು ತುಂಬಿತ್ತು.

ಮುಂದಿನ ತಿಂಗಳು ಅವರ ಗಂಡ ಬ್ಯಾಗು ಹಿಡಿದು, ಕೆಮ್ಮುತ್ತ ಮನೆಗೆ ಬಂದರು. ಕಾಕು ಸ್ನಾನಕ್ಕೆ ನೀರು ಕಾಯಿಸಿದರು.

"ಅವರಿಗೆ ಏನರೆ ಅನ್ರಿ ಕಾಕು," ಎಂದೆ.

"ಏನ ಅನ್ಲಿ? ಭಾಳ ಸೊರಗ್ಯಾರ. ಬೈಬೇಕಂದ್ರ ಬಾಯೇ ಬರವಲ್ದು."