ಘಿಸಾಡಿಗಳ ಬಂಡಿಗೆ ಮುಂದಾಗಿ ನಡೆದದ್ದು

ಊರೂರು ಅಲೆದು ಕುಡುಗೋಲು ಮಾಡಿಕೊಡುವ ಘಿಸಾಡಿ ಕುಟುಂಬವೊಂದು ಪ್ರತಿವರ್ಷ ಅಕ್ಕೋಳದ ನಮ್ಮ ಹೊಲದ ಬದಿಗೆ ಬಿಡಾರ ಹೂಡುತ್ತಿತ್ತು. ಈ ವರ್ಷ ಅವರಿಗಿಂತ ಮೊದಲೇ, ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಎಲ್ಲರ ಮೊಬೈಲಿಗೆ ಬಂದಿತ್ತು.

ಒಂದು ಮಧ್ಯಾಹ್ನ ನಾಲ್ಕು ವರ್ಷದ ಮಗಳನ್ನು ಅವರ ಕುಲುಮೆಯ ಮುದುಕಿಯ ಬಳಿ ಕೂರಿಸಿ ಮೇವು ಕೊಯ್ಯುತ್ತಿದ್ದೆ. ತಲೆ ಎತ್ತಿದಾಗ ನಮ್ಮೂರ ಗಂಡಸರು ಅವರಿಬ್ಬರನ್ನು ಸುತ್ತುವರಿದಿದ್ದರು. ಒಬ್ಬ ವಿಡಿಯೊ ಮಾಡುತ್ತಿದ್ದ.

"ನನ್ನ ಮಗಳ್ರಿ ಅಕಿ! ನಾನೇ ಬಿಟ್ಟೀನ್ರಿ," ಎಂದು ಓಡಿದೆ. ಮಗಳನ್ನು ಎತ್ತಿಕೊಂಡೆ, ಆದರೂ ಯಾರೂ ಕದಲಲಿಲ್ಲ.

ಮುದುಕಿ ಬಿಡಾರ ಕೀಳಲು ಕೆಂಡಕ್ಕೆ ನೀರು ಸುರಿದಳು. "ಇರ್ರಿ, ನಾ ಅದೀನಲ್ಲ," ಅಂದೆ.

"ಇಲ್ಲಿ ನೀವ್ ಅದೀರಿ ತಾಯಿ. ಮುಂದಿನ ಊರಾಗ?" ಎಂದಳು. ಅವರ ಬಂಡಿ ಪಕ್ಕದೂರು ಭೋಜದ ಹಾದಿ ಹಿಡಿಯಿತು.

ಸ್ವಲ್ಪ ಹೊತ್ತಿಗೇ ಭೋಜದಿಂದ ಅಕ್ಕನ ಫೋನು ಬಂತು. "ನಿನ್ನ ಮಗಳ ವಿಡಿಯೊ ಬಂದೈತಿ, ಕಳ್ಳರು ಎತ್ಕೊಂಡ್ ಹೊಂಟಾರಂತ. ಮಂದಿ ಬಡಿಗಿ ಹಿಡ್ಕೊಂಡ್ ನಿಂತಾರ!"

ಮಗಳನ್ನು ಸ್ಕೂಟಿಯ ಮುಂದೆ ನಿಲ್ಲಿಸಿಕೊಂಡು ಹೊರಟೆ. ಭೋಜದ ಅಗಸಿಬಾಗಿಲ ಹತ್ತಿರ ಬಂಡಿ ಸಿಕ್ಕಿತು. ಮಗಳನ್ನು ಎತ್ತಿ ತೋರಿಸುತ್ತ ಅದರ ಮುಂದೆ ನಡೆದೆ. ಜನ ದಾರಿ ಬಿಟ್ಟರು, ಬಡಿಗೆ ಕೆಳಗಿಡಲಿಲ್ಲ. ಬಂಡಿ ಊರು ದಾಟಿತು.

ಅದರಾಚೆಯ ಊರುಗಳಿಗೂ ವಿಡಿಯೊ ಮುಟ್ಟಿತ್ತು. ಅಲ್ಲಿಯವರೆಗೆ ನಾನು ಹೋಗಲಿಲ್ಲ. ಅವರಿಗೇನಾಯಿತೆಂದು ಇಂದಿಗೂ ಗೊತ್ತಿಲ್ಲ.