ಗೋಡೆಯೊಳಗಿನ ಜಾಯಿಂಟು

ಅಕ್ಕನಿಗೆ ಕರೆಂಟ್ ಹೊಡೆಯಿತು.

ಹದಿನೈದು ದಿನಗಳಿಂದ ಕೇಳಿದವರಿಗೆಲ್ಲ ನಾನು ಹೇಳುತ್ತಿರುವುದು ಇಷ್ಟೇ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಉಳಿದದ್ದನ್ನು ಇವತ್ತು ನಿಮ್ಮ ಮುಂದೆ ಹೇಳಿಬಿಡುತ್ತೇನೆ.

ಸಿಂಧನೂರಿನಲ್ಲಿ ನಾನು ಮನೆ ಕಟ್ಟಿಸಿದ್ದು ನಿಮಗೆ ಗೊತ್ತು. (ಆ ಸಂಭ್ರಮವನ್ನು ಇದೇ ಅಂಕಣದಲ್ಲಿ ಎರಡು ವಾರ ಕೊರೆದಿದ್ದೇನೆ.) ಆಗ ಬರೆಯದೆ ಬಿಟ್ಟ ಸಂಗತಿ ಒಂದಿದೆ. ವೈರಿಂಗ್ ಶುರು ಮಾಡಿದವನು ಅರ್ಧಕ್ಕೆ ಕೈಬಿಟ್ಟು ಹೋದ. ಉಳಿದ ಕೆಲಸಕ್ಕೆ ಆರ್.ಎಚ್. ಕ್ಯಾಂಪಿನ ನಿತಾಯ್ ಅವರನ್ನು ಕರೆತಂದೆ. ಅಲ್ಲಿ ನೆಲೆಸಿದ ಬಂಗಾಳಿ ನಿರಾಶ್ರಿತರ ಪೈಕಿ, ಬೆಳೆದದ್ದು ಇಲ್ಲೇ. ಲೈಸೆನ್ಸ್ ಇರುವ ವೈರಿಂಗ್ ಕಂಟ್ರಾಕ್ಟರ್. ವೈರಿಂಗ್ ನಿಯಮದ ಪ್ರಕಾರ ಇದೆ ಎಂದು ಅಂಥವರೊಬ್ಬರು ಸಹಿ ಹಾಕಿದರೇನೇ ಮನೆಗೆ ಮೀಟರ್ ಬರುವುದು.

ಗೃಹಪ್ರವೇಶಕ್ಕೆ ಆರು ದಿನ ಉಳಿದಿತ್ತು. ಬಚ್ಚಲ ಪಕ್ಕದ ಸ್ವಿಚ್ ಬೋರ್ಡ್ ಬಿಚ್ಚಿ ನಿತಾಯ್ ವೈರ್ ಜಗ್ಗಿದರು. ಮತ್ತೊಮ್ಮೆ ಜಗ್ಗಿದರು.

"ಮಾಸ್ತರ್ರ, ಪೈಪಿನ್ಯಾಗ ವೈರ್ ಸರಿದಾಡಬೇಕ್ರಿ. ಇದು ಸರಿಯಾಕತ್ತಿಲ್ಲ. ಗೋಡಿಯೊಳಗ ಜಾಯಿಂಟ್ ಹಾಕಿ ಮುಚ್ಯಾರ. ಒಡೀಬೇಕಾಕೈತಿ."

"ಗಿಲಾವ್ ಆಗಿ ಬಣ್ಣ ಆಗೇತಿ. ಈಗ ಒಡೀತೀನಿ ಅಂದ್ರ ಹೆಂಗ್ರಿ?"

"ಜಾಯಿಂಟ್ ಹಾಕಿದ್ರ ಡಬ್ಬಿಯೊಳಗ ಹಾಕಬೇಕ್ರಿ. ಮುಚ್ಚಳ ತೆಗದು ನೋಡಂಗ ಇರಬೇಕು. ಹಿಂಗ ಹುಗದದ್ದು ನಾಳೆ ಸಡಿಲಾದ್ರ ಯಾರಿಗೆ ಕಾಣತೈತಿ? ಒಡೀಲಾರ್ದ ನಾ ಸಹಿ ಹಾಕಂಗಿಲ್ರಿ."

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು. ತಾಮ್ರದಲ್ಲಿ ವಿದ್ಯುತ್ ಯಾಕೆ ಹರಿಯುತ್ತದೆ, ರಬ್ಬರಿನಲ್ಲಿ ಯಾಕೆ ಹರಿಯುವುದಿಲ್ಲ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುವವನು. ಅವತ್ತು ನನ್ನ ಕಣ್ಣಿಗೆ ಕಂಡದ್ದು ಹೊಸ ಬಣ್ಣ ಮಾತ್ರ. ಕಾರ್ಡು ಬೇರೆ ಹಂಚಿಯಾಗಿತ್ತು.

"ಅಷ್ಟೆಲ್ಲಾ ಕಾಯ್ದೆ ಹೇಳಬ್ಯಾಡ್ರಿ" ಎಂದೆ. ನಿತಾಯ್ ಇಕ್ಕಳ, ಟೆಸ್ಟರ್ ಚೀಲಕ್ಕೆ ಹಾಕಿಕೊಂಡು ಸೈಕಲ್ ಹತ್ತಿದರು.

ಮರುದಿನ ಲಿಂಗಸುಗೂರಿನ ಬಸ್ ಹಿಡಿದೆ. ಅಲ್ಲಿ ಲೈಸೆನ್ಸ್ ಇರುವ ಇನ್ನೊಬ್ಬ ಕಂಟ್ರಾಕ್ಟರ್ ಮನೆ ಎಲ್ಲಿದೆ ಎಂದೂ ಕೇಳದೆ ಸಹಿ ಹಾಕಿಕೊಟ್ಟರು. ಮೀಟರ್ ಬಂತು, ದೀಪ ಹತ್ತಿತು. ಬಂದವರೆಲ್ಲ ಗೋಡೆ ಸವರಿ ಹೊಗಳಿದರು.

ಈ ಮಳೆಗಾಲದಲ್ಲಿ ಅದೇ ಗೋಡೆ ತೇವ ಹಿಡಿಯಿತು. ನನ್ನ ಅಕ್ಕ ಶಾಂತಮ್ಮ ಎರಡು ದಿನ ಇದ್ದು ಹೋಗಲು ಮಸ್ಕಿಯಿಂದ ಬಂದಿದ್ದಳು. ಮಸ್ಕಿಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಊರ ಹೆಂಗಸರ ಜಂಪರ್ ಹೊಲಿಯುತ್ತಾಳೆ. ಬೆಳಿಗ್ಗೆ ಸ್ನಾನ ಮುಗಿಸಿ, ಒದ್ದೆ ಸೀರೆ ಹಾಕಲು ಗೋಡೆಗೆ ಜಡಿದಿದ್ದ ಕಬ್ಬಿಣದ ಸರಳು ಹಿಡಿದಳು.

ಕೂಗಲಿಲ್ಲ. ಉಸಿರು ಕಟ್ಟಿದಂಥ ಒಂದು ಸದ್ದು, ಅಷ್ಟೇ.

ನಾನು ಓಡಿದೆ, ಕೈ ಚಾಚಿದೆ. ನನ್ನ ಹೆಂಡತಿ ಗಿರಿಜಾ ಹಿಂದಿನಿಂದ ಅಂಗಿ ಹಿಡಿದು ಎಳೆದಳು. "ಮುಟ್ಟಬ್ಯಾಡ್ರೀ!" ಅನ್ನುತ್ತಲೇ ಓಡಿಹೋಗಿ ಮೇನ್ ಇಳಿಸಿದಳು. ಅಕ್ಕ ನೆಲಕ್ಕೆ ಬಿದ್ದಳು. (ವಿಜ್ಞಾನದ ಮೇಷ್ಟ್ರಿಗೆ ಆ ಹೊತ್ತಿನಲ್ಲಿ ಮೇನ್ ಸ್ವಿಚ್ ನೆನಪಾಗಲಿಲ್ಲ.)

ಅಕ್ಕ ಬದುಕಿದಳು. ಅಂಗೈ ಸುಟ್ಟಿದೆ. ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಕತ್ತರಿ ಹಿಡಿಯಲಾಗುವುದಿಲ್ಲ.

ಕ್ಯಾಂಪಿಗೆ ಹೋಗಿ ನಿತಾಯ್ ಅವರ ಬಾಗಿಲಲ್ಲಿ ನಿಂತೆ. ಅವರಿಗೆ ಸುದ್ದಿ ಮೊದಲೇ ಮುಟ್ಟಿತ್ತು. "ಅಕ್ಕಾರು ಹೆಂಗದಾರ್ರಿ?" ಎಂದರು. ಚೀಲ ಎತ್ತಿಕೊಂಡರು. ಬಂದರು, ಮೇನ್ ಇಳಿಸಿದರು, ಗೋಡೆ ಒಡೆದರು.

ಒಳಗೆ ಎರಡು ವೈರುಗಳ ತುದಿ ಹೊಸೆದು ಬಿಟ್ಟಿದ್ದರು. ಮೇಲೆ ಸುತ್ತಿದ್ದು ಟೇಪ್ ಅಲ್ಲ, ಪ್ಲಾಸ್ಟಿಕ್ ಚೀಲದ ತುಂಡು. ಅದೂ ಹರಿದಿತ್ತು. ಸರಳಿನ ಮೊಳೆ ಅದರ ಪಕ್ಕಕ್ಕೇ ಹೋಗಿ ಕೂತಿತ್ತು, ನಡುವಿನ ಗಿಲಾವು ಈ ಮಳೆಗೆ ನೆನೆದು ಕರೆಂಟ್ ದಾಟಿಸಿತ್ತು.

"ಮತ್ತ ಫ್ಯೂಸ್ ಯಾಕ ಹೋಗ್ಲಿಲ್ರಿ?" ಎಂದೆ.

"ಇಷ್ಟು ಕರೆಂಟಿಗೆ ಫ್ಯೂಸ್ ಹೋಗಂಗಿಲ್ರಿ ಮಾಸ್ತರ್ರ. ಮನುಷ್ಯಾ ಹೋಗ್ತಾನ."

ಕಳೆದ ಭಾನುವಾರ ಮಸ್ಕಿಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಮಷೀನಿಗೆ ಬಟ್ಟೆ ಹೊದಿಸಿಟ್ಟಿದ್ದಳು. ಅರ್ಧ ಹೊಲಿದ ಜಂಪರುಗಳನ್ನು ಗಂಟು ಕಟ್ಟಿ ಪಕ್ಕದ ಓಣಿಯ ಟೇಲರಿಗೆ ಕೊಡಲು ಇಟ್ಟಿದ್ದಳು. ನನ್ನ ಮಾತು ಮುಗಿದ ಮೇಲೆ ಕೇಳಿದಳು.

"ಆತ ಬ್ಯಾಡ ಅಂದಿದ್ನಾ?"

"ಹೂಂ."

"ಮತ್ತ ನೀ ಇನ್ನೊಬ್ಬನ ಕಡೆ ಹೋದಿ."

"ಹೂಂ."

ಜಂಪರಿನ ಗಂಟನ್ನು ಪಕ್ಕಕ್ಕೆ ಸರಿಸಿ ಅಂದಳು: "ತಮ್ಮಾ, ಅವನ ಕಡೆ ನೀ ಸಹಿ ಕೇಳಿದ್ಯೋ, ಸುಳ್ಳು ಕೇಳಿದ್ಯೋ?"

ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಎದ್ದು ಎಡಗೈಯಲ್ಲೇ ಚಹಾಕ್ಕೆ ನೀರಿಟ್ಟಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಒಂದು ನೆನಪಾಯಿತು. ಲಿಂಗಸುಗೂರಿನಲ್ಲಿ ಸಹಿ ಹಾಕಿಸಿಕೊಂಡ ಕೋಣೆಯಲ್ಲಿ ನನ್ನ ಹಿಂದೆ ಇನ್ನಿಬ್ಬರು ಕಾಗದ ಹಿಡಿದು ನಿಂತಿದ್ದರು. ನನ್ನ ಹಾಗೇ ಅವಸರದಲ್ಲಿದ್ದರು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ.

ಅವರ ಮನೆಗಳಲ್ಲಿ ಈಗ ಯಾರ್ಯಾರು ಇದ್ದಾರೆ?